ಟಿವಿ ನುಂಗಿದ ಒತ್ತು

ನಮ್ಮ ಅಕ್ಕನ ಮನೆಯ ಟಿವಿಯಲ್ಲಿ ಅವಳ ಊರು ಮಸ್ಕಿ ಬಹಳ ದಿನ ಮಸಿಯಾಗಿತ್ತು. ಕೇಬಲ್‌ನವರ ಸಿನಿಮಾ ಚಾನೆಲ್‌ನಲ್ಲಿ ಹಗಲೂ ರಾತ್ರಿ ಹಳೇ ಚಿತ್ರಗಳು ನಡೆದಿರುತ್ತವೆ. ನಾಯಕ ಹಾಡಲಿ, ಹೊಡೆದಾಡಲಿ, ಅವನ ಕಾಲಬುಡದಲ್ಲಿ ಊರ ಜಾಹೀರಾತಿನ ಪಟ್ಟಿ ಬಲದಿಂದ ಎಡಕ್ಕೆ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ಆ ಪಟ್ಟಿಯ ಅಕ್ಷರಗಳಿಗೆ ತಲೆಕಟ್ಟು ಇತ್ತು, ಹೊಟ್ಟೆ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ. ಒತ್ತುಗಳೆಲ್ಲ ಟಿವಿಯ ಕಪ್ಪು ಪ್ಲಾಸ್ಟಿಕ್ ಅಂಚಿನೊಳಗೆ ಇಳಿದುಬಿಟ್ಟಿದ್ದವು. ಮಸ್ಕಿಯ ‘ಸಿ’ಗೆ ಜೋತುಬಿದ್ದಿದ್ದ ಕ ಒತ್ತು ಹೋಗಿ ಮಸಿ ಉಳಿಯಿತು. ‘ಚಿನ ಬೆಳಿ ಆಭರಣ’, ‘ಭತ ಕಟಾವು ಯಂತ ಬಾಡಿಗೆಗೆ’, ‘ಬಸ್ ನಿಲಾಣದ ಹತಿರ’ ಎಂದು ಒಂದಾದ ಮೇಲೊಂದು ಸಾಲು ಸಾಗುತ್ತಿತ್ತು. ಪ್ರತಿ ಅಂಗಡಿಯ ಹೆಸರಿನ ಮುಂದೆ ‘ಶ್ರೀ’ ಇರಬೇಕಾದಲ್ಲಿ ‘ಶೀ’ ಎಂದು ಬಂದಾಗ, ಸ್ವತಃ ಅಂಗಡಿಯವನೇ ತನ್ನ ಮಾಲು ನೋಡಿ ಅಸಹ್ಯಪಟ್ಟ ಹಾಗೆ ಕಾಣುತ್ತಿತ್ತು.

ಈ ಕತ್ತರಿ ಎಲ್ಲರಿಗೂ ಒಂದೇ ಎನ್ನುವಂತಿಲ್ಲ. ಲಿಂಗಸುಗೂರಿಗೆ ಒತ್ತೇ ಇಲ್ಲ. ಅದು ಇಡಿಯಾಗಿ ಪಾರಾಯಿತು. ಸಿಂಧನೂರಿನ ಧ-ಕಾರಕ್ಕೆ ಬುಡದಲ್ಲೊಂದು ಸೀಳು ಇದೆಯಲ್ಲ, ಅದಷ್ಟೇ ಹೋಗಿ ‘ಸಿಂದನೂರು’ ಆಯಿತು. ನಮ್ಮ ಕಡೆಯವರ ಬಾಯಲ್ಲಿ ಅದು ಯಾವತ್ತೂ ಸಿಂದನೂರೇ ಆದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಹಟ್ಟಿ ಚಿನ್ನದ ಗಣಿ ‘ಹಟಿ ಚಿನದ ಗಣಿ’ಯಾಗಿ ಬಡವಾಯಿತು. ಅರ್ಕಾವತ್ತು ಅಕ್ಷರದ ಪಕ್ಕದಲ್ಲಿ ಕೂರುವ ಪ್ರಾಣಿಯಾದ್ದರಿಂದ ‘ಕರ್ನಾಟಕ’ಕ್ಕೆ ಏನೂ ಆಗಲಿಲ್ಲ, ‘ಕನ್ನಡ’ ಮಾತ್ರ ‘ಕನಡ’ ಆಯಿತು. ಇದಕ್ಕೆ ಬೇರೆ ಅರ್ಥ ಹಚ್ಚಿ ಭಾಷಣ ಮಾಡುವವರು ಮಾಡಿಕೊಳ್ಳಲಿ, ನನಗೆ ಆ ಹವ್ಯಾಸವಿಲ್ಲ.

ಆದರೆ ಹೆಸರುಗಳ ವಿಷಯ ಬಂದಾಗ ನನಗೂ ಸ್ವಲ್ಪ ಚುರುಕ್ಕೆಂದಿತು. ನಮ್ಮ ಭಾಗದಲ್ಲಿ ಮನುಷ್ಯರ ಹೆಸರು ಒತ್ತಿನಲ್ಲೇ ಮುಗಿಯುವುದು. ಶರಣಪ್ಪ, ಬಸಮ್ಮ, ಈರಣ್ಣ, ಹುಲಿಗೆವ್ವ. ದೇವರ ಹೆಸರಿಗೋ ಶರಣರ ಹೆಸರಿಗೋ ಅಪ್ಪನನ್ನೋ ಅವ್ವನನ್ನೋ ಅಂಟಿಸಿದರೆ ಹೆಸರು ಸಿದ್ಧ. ಹಾಗೆ ಅಂಟಿಸಿದ ಜಾಗದಲ್ಲೇ ಒತ್ತು ಇರುವುದು. ತೀರಿಕೊಂಡವರ ಸುದ್ದಿಯನ್ನೂ ಕೇಬಲ್‌ನವರು ಅದೇ ಪಟ್ಟಿಯಲ್ಲಿ ಬಿಡುತ್ತಾರೆ. ಬದುಕಿರುವಷ್ಟು ದಿನ ಶರಣಪ್ಪನಾಗಿದ್ದವನು ಸತ್ತ ದಿನ ‘ಶರಣಪ’ ಆಗಿ ಎಡಗಡೆಗೆ ಹರಿದು ಹೋಗುತ್ತಿದ್ದ. ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ಅಜ್ಜ, ತಮ್ಮ. ಬಂಧುಬಳಗವೆಲ್ಲ ಕಾಲಿಲ್ಲದವರಾಗಿ ಸಾಲುಗಟ್ಟಿದ್ದರು.

ಮಸ್ಕಿಯವರಿಗೆ ಒತ್ತು ಕಳೆದುಕೊಂಡ ಹೆಸರು ಹೊಸದೇನಲ್ಲ. ಊರ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಅಲ್ಲಿಯ ತನಕ ದೇಶದ ಬಂಡೆ, ಕಂಬಗಳ ಮೇಲೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು ‘ದೇವರಿಗೆ ಪ್ರಿಯನಾದವನು’ ಎಂಬಂಥ ಬಿರುದುಗಳು ಮಾತ್ರ. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕಂಡದ್ದು ಈ ಬಂಡೆಯಲ್ಲೇ ಮೊದಲು. ಆಮೇಲೆ ತುಂಗಭದ್ರೆಯ ಆಚೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ, ಮಧ್ಯಪ್ರದೇಶದ ಗುಜರ‍್ರಾದಲ್ಲಿಯೂ ಸಿಕ್ಕಿತು. ಮಸ್ಕಿಯ ಬಂಡೆ ಹೇಳುವುದು ‘ದೇವಾನಂಪಿಯಸ ಅಸೋಕಸ’ ಎಂದು. ಪ್ರಿಯ ಅಲ್ಲ, ಪಿಯ. ಪ್ರಾಕೃತದ ಬಾಯಿಗೆ ಸಿಕ್ಕ ಸಾಮ್ರಾಟನ ಒತ್ತು ಕೂಡ ಹೀಗೇ ಉದುರಿತ್ತು. ಆದರೆ ಅದು ಭಾಷೆಯ ನಾಲಿಗೆ ಮಾಡಿದ ಕೆಲಸ, ಟಿವಿಯದ್ದಲ್ಲ; ಅಕ್ಕನ ಗಂಡನಿಗೆ ನಾನು ಈ ಸಮಾಧಾನ ಹೇಳಿದಾಗ ಆತ, “ಅಶೋಕ ಚಕ್ರವರ್ತಿ ಕೇಬಲ್ ಬಿಲ್ ಕಟ್ಟತಿದ್ನೇನು?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಟಿವಿ ಒತ್ತು ನುಂಗುತ್ತಿರುವುದನ್ನು ನಿಜವಾಗಿ ಪತ್ತೆ ಹಚ್ಚಿದವಳು ಅವ್ವ. ಅವಳು ಓದು ಕಲಿತದ್ದು ಮಕ್ಕಳು ಮರಿ ಆದಮೇಲೆ, ರಾತ್ರಿ ಶಾಲೆಯಲ್ಲಿ, ಕಂದೀಲಿನ ಬೆಳಕಿನಲ್ಲಿ. ಬಸವ, ಕಮಲ, ಗರಗಸದ ತನಕ ಸರಾಗವಾಗಿ ಬಂದಿದ್ದ ಬಂಡಿ ಒತ್ತಕ್ಷರದ ಹತ್ತಿರ ಹೂತುಕೊಂಡಿತ್ತಂತೆ. ಕ-ಕ್ಕೆ ಕ ಒತ್ತು ಹಚ್ಚಿದರೆ ಅದೇ ಮುಖ, ತ-ಕ್ಕೆ ತ ಹಚ್ಚಿದರೆ ಮುಖವೇ ಬೇರೆ, ರ-ದ ಒತ್ತಿಗೂ ರ-ಕ್ಕೂ ಸಂಬಂಧವೇ ಇಲ್ಲ. ಇದನ್ನೆಲ್ಲ ಜೋಳ ಬೀಸುತ್ತ ಬಾಯಿಪಾಠ ಮಾಡಿ ದಕ್ಕಿಸಿಕೊಂಡವಳು. ಹಾಗಾಗಿ ಒತ್ತಿನ ವಿಷಯದಲ್ಲಿ ಬಲು ಖಡಕ್. ಈಗಲೂ ಟಿವಿ ಪಟ್ಟಿ ಓದುವಾಗ ತುಟಿ ಅಲ್ಲಾಡಿಸುತ್ತ, ಒತ್ತು ಬಂದಲ್ಲಿ ಗದ್ದ ಸ್ವಲ್ಪ ಕೆಳಗೆ ಒತ್ತಿ ಓದುತ್ತಾಳೆ. ಲಿಂಗಸುಗೂರಿನಲ್ಲಿರುವ ತಮ್ಮನ ಮನೆಯಲ್ಲಿ ಕೆಲವು ದಿನ ಇದ್ದು ಮಸ್ಕಿಗೆ ಬಂದವಳು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು, “ಅಲ್ಲಿ ಒತ್ತು ಹಚ್ಚತಾರ. ಇಲ್ಯಾಕ ಹಚ್ಚಂಗಿಲ್ಲ ತಮ್ಮಾ? ನಾ ಅಷ್ಟು ತಿಣುಕಿ ಕಲ್ತದ್ದು ಯಾತಕ್ಕ?” ಎಂದಳು.

ಅಕ್ಕನ ಮನೆಯ ಟಿವಿ ಹಳೆಯದು. ಹಳೆಯದು ಎಂದರೆ ಡಬ್ಬಾ ಟಿವಿಯಲ್ಲ, ಚಪ್ಪಟೆ ಟಿವಿಗಳಲ್ಲಿ ಮೊದಲ ತಲೆಮಾರಿನದು, ಮೂವತ್ತೆರಡು ಇಂಚು. ಈ ಟಿವಿ ಬರುವ ಚಿತ್ರವನ್ನು ತುಸು ಹಿಗ್ಗಿಸಿ, ನಾಲ್ಕೂ ಅಂಚನ್ನು ಚೌಕಟ್ಟಿನ ಆಚೆ ತಳ್ಳಿ ತೋರಿಸುತ್ತದೆ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಕೆಟ್ಟದ್ದಲ್ಲ, ಬೇಕೆಂದೇ ಮಾಡಿದ್ದು. ದರ್ಜಿ ಹೊಲಿಗೆಗೆಂದು ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಾನಲ್ಲ, ಆ ಲೆಕ್ಕ. ಯಾಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ ಡಬ್ಬಾ ಟಿವಿಗೇ ಹೋಗಬೇಕು.

ರಾಮಾಯಣ ಶುರುವಾದದ್ದು 1987ರ ಜನವರಿಯಲ್ಲಿ. ನಮ್ಮ ಸಿಂಧನೂರಿನ ಮನೆಗೆ ಟಿವಿ ಬಂದದ್ದು ಅದರ ಹಿಂದೆಯೇ. ಕಪ್ಪು-ಬಿಳುಪು, ಕಟ್ಟಿಗೆಯ ಪೆಟ್ಟಿಗೆ, ಮುಂದೆ ಸರಿಸುವ ಬಾಗಿಲು, ಬಾಗಿಲಿಗೆ ಬೀಗ. ಪಕ್ಕದಲ್ಲಿ ಟಿವಿಗಿಂತ ಹೆಚ್ಚು ಗದ್ದಲ ಮಾಡುವ ಸ್ಟೆಬಿಲೈಜರ್. ತುಂಗಭದ್ರೆಯ ಎಡದಂಡೆ ನಾಲೆಗೆ ನೀರು ಬಿಟ್ಟ ಕಾಲ ಬಂತೆಂದರೆ ಸುತ್ತಲ ತೆಲುಗು ರೈತರ ಕ್ಯಾಂಪುಗಳಲ್ಲಿ ಭತ್ತದ ಗದ್ದೆಗೆ ನೀರೆತ್ತುವ ಮೋಟಾರುಗಳು ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. 230 ಇರಬೇಕಾದ ವೋಲ್ಟೇಜು 160, 170ಕ್ಕೆ ಕುಸಿಯುತ್ತಿತ್ತು. ಆಗ ಟಿವಿ ಚಿತ್ರ ಸೊರಗುವುದನ್ನು ನೋಡಬೇಕು! ನಾಲ್ಕೂ ಕಡೆಯಿಂದ ಕಪ್ಪು ಒತ್ತಿಕೊಂಡು ಬಂದು, ಇಡೀ ಅಯೋಧ್ಯೆ ಅಂಗೈಯಗಲ ಸಣ್ಣದಾಗಿ ನಡುವೆ ನಿಲ್ಲುತ್ತಿತ್ತು. ದಶರಥನ ದುಃಖಕ್ಕಿಂತ ನಮ್ಮ ದುಃಖ ದೊಡ್ಡದು.

ಡಬ್ಬಾ ಟಿವಿಯ ಒಳಗೆ ಗಾಜಿನ ಪಿಕ್ಚರ್ ಟ್ಯೂಬು, ಅದರ ಕುತ್ತಿಗೆಗೆ ತಾಮ್ರದ ಸುರುಳಿಯ ಯೋಕ್. ಟ್ಯೂಬಿನ ಹಿಂದುಗಡೆಯಿಂದ ಹೊರಟ ಎಲೆಕ್ಟ್ರಾನ್ ಕಿರಣವನ್ನು ಈ ಯೋಕ್‌ನ ಅಯಸ್ಕಾಂತ ಶಕ್ತಿ ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಎಳೆದಾಡಿಸಿ ಗಾಜಿನ ಮೇಲೆ ಗೀಟು ಎಳೆಸುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರಕ್ಕೆ 625 ಗೀಟು; ಅದರಲ್ಲಿ ಕಣ್ಣಿಗೆ ಬೀಳುವ ಚಿತ್ರ ಇರುವುದು 576ರಲ್ಲಿ. ಉಳಿದ ಗೀಟುಗಳು ಕಿರಣ ಕೆಳಗಿನಿಂದ ಮತ್ತೆ ಮೇಲಕ್ಕೆ ಹೋಗಲು ಬೇಕಾದ ವೇಳೆ. ಕರೆಂಟು ಇಳಿದರೆ ಯೋಕ್‌ನ ಎಳೆತ ಸಡಿಲ, ಚಿತ್ರ ಕುಗ್ಗುತ್ತದೆ. ಟಿವಿ ಕಾದರೆ, ಬೋರ್ಡಿನ ಮೇಲಿನ ಕಂಡೆನ್ಸರ್‌ಗೆ ವಯಸ್ಸಾದರೆ, ತೆರೆಯ ಮೇಲೆ ಒಮ್ಮೆಲೇ ಬೆಳ್ಳನೆ ದೃಶ್ಯ ಬಂದರೆ, ಆಗೆಲ್ಲ ಅಂಚು ಒಂದಿಷ್ಟು ಅತ್ತಿತ್ತ ಸರಿಯುತ್ತದೆ. ಮೂಲೆಗಳೂ ಗುಂಡಗೆ. ಇಷ್ಟು ಚಂಚಲವಾದ ಅಂಚನ್ನು ಗಿರಾಕಿಗೆ ತೋರಿಸಿದರೆ ಅವನು ಮರುದಿನವೇ ಅಂಗಡಿಗೆ ವಾಪಸ್. ಅದಕ್ಕೆ ಟಿವಿ ಮಾಡುವವರು ಚಿತ್ರವನ್ನೇ ಗಾಜಿಗಿಂತ ಒಂದು ಬೆರಳು ದೊಡ್ಡದಾಗಿ ಎಳೆದುಬಿಟ್ಟರು. ಒಂದೊಂದು ಅಂಚಿನಲ್ಲಿ ನೂರಕ್ಕೆ ಐದರಷ್ಟು ಹೊರಗೆ ಹೋದರೂ ಚಿಂತೆಯಿಲ್ಲ, ಕುಗ್ಗಿದಾಗ ಕಪ್ಪು ಕಾಣಬಾರದು, ಅಷ್ಟೇ. ಚಿತ್ರ ಕಳಿಸುವವರಿಗೂ ಇದು ಗೊತ್ತಿತ್ತು. ಮುಖ್ಯವಾದದ್ದನ್ನೆಲ್ಲ, ಅದರಲ್ಲೂ ಬರಹವನ್ನು, ಅಂಚಿನಿಂದ ಸಾಕಷ್ಟು ಒಳಗೆ ಇಡಬೇಕೆಂದು ಸ್ಟುಡಿಯೊಗಳಲ್ಲಿ ಕಟ್ಟುನಿಟ್ಟಾದ ಚೌಕವೇ ಇತ್ತು.

ಸಿಂಧನೂರಿನ ಟಿವಿ ರಿಪೇರಿಯವರಿಗೆ ಈ ವಿದ್ಯೆ ಕರತಲಾಮಲಕ. ಹಿಂದಿನ ಮುಚ್ಚಳ ಬಿಚ್ಚಿ, “ಯಾರೂ ಹತ್ರ ಬರಬ್ಯಾಡ್ರಿ, ಇಎಚ್‌ಟಿ ಹೊಡಿತೈತಿ” ಎಂದು ಮಕ್ಕಳನ್ನು ಹಿಂದೆ ಸರಿಸಿ (ಸಾವಿರಾರು ವೋಲ್ಟಿನ ಮಾತು, ಹೆದರಿಕೆ ಸುಳ್ಳಲ್ಲ), ಎದುರಿಗೆ ಗೋಡೆ ಕನ್ನಡಿಯೊಂದನ್ನು ಹಿಡಿಸುತ್ತಿದ್ದರು. ಟಿವಿಯ ಹಿಂದೆ ಕೂತವನಿಗೆ ಮುಂದಿನ ಚಿತ್ರ ಕಾಣಬೇಕಲ್ಲ. ಕನ್ನಡಿ ಹಿಡಿಯುವ ಕೆಲಸ ನನ್ನದು. ಬೋರ್ಡಿನ ಮೇಲೆ ಹೈಟ್‌ಗೆ ಒಂದು, ಲೀನಿಯರಿಟಿಗೆ ಒಂದು ಪುಟ್ಟ ತಿರುಪು. ಸ್ಕ್ರೂಡ್ರೈವರಿನ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿದರೆ ರಾಮನ ಕಿರೀಟ ತೆರೆಯ ಮೇಲಂಚಿಗೆ ಹೋಗಿ ಮುಟ್ಟುತ್ತಿತ್ತು. “ಸಾಕ್ರಿ, ಸಾಕ್ರಿ” ಎನ್ನುತ್ತಿದ್ದ ಅಪ್ಪ. ಇಳಿದ ಕರೆಂಟಿಗೆ ಹೊಂದಿಸಿದ್ದು ಹೀಗೆ. ರಾತ್ರಿ ಮೋಟಾರು ಬಂದ್ ಆಗಿ ಕರೆಂಟು ಪೂರ್ತಿ ಬಂದರೆ ವಾರ್ತೆ ಓದುವವರ ಹಣೆ ಮೇಲೆ, ಗದ್ದ ಕೆಳಗೆ ಮಾಯ. ಮೂಗು ಬಾಯಿ ಎರಡೇ ದೇಶದ ಸಮಾಚಾರ ಹೇಳುತ್ತಿದ್ದವು.

ಟಿವಿ ಎಂಬುದು ನಮ್ಮ ರಾಯಚೂರು ಜಿಲ್ಲೆಗೆ ಹೊರಗಿನವರು ಕನಿಕರಪಟ್ಟು ಕೊನೆಗೆ ಕೊಟ್ಟ ವಸ್ತುವೂ ಅಲ್ಲ. ಬೆಂಗಳೂರಿನವರ ಮುಂದೆ ನಾವು ಎದೆಯುಬ್ಬಿಸಿ ಹೇಳಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು. 1975ರ ಆಗಸ್ಟ್ 1ರಿಂದ ಮುಂದಿನ ವರ್ಷದ ಜುಲೈ ಕೊನೆಯ ತನಕ ಅಮೆರಿಕದವರ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಟಿವಿ. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಹಾಕುವಂಥ ಜಾಳಿಗೆಯಿಂದ ಮಾಡಿದ, ಮೂರು ಮೀಟರ್ ಅಗಲದ ಛತ್ರಿ. ಹೈದರಾಬಾದಿನ ಇಸಿಐಎಲ್ ಮಾಡಿದ ಸೆಟ್ಟು. ಕರೆಂಟಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು ಕುಣಿತ. ಗುಲಬರ್ಗಾದಲ್ಲಿ 1977ಕ್ಕೇ ಟಿವಿ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ರಾಜಧಾನಿಯವರು ಇನ್ನೂ ರೇಡಿಯೊ ಕಿವಿ ತಿರುವುತ್ತಿದ್ದಾಗ ನಮ್ಮ ಜಿಲ್ಲೆಯ ಕುರಿ ಕಾಯುವವರು ಟಿವಿ ನೋಡಿ, ಬೇಸರವೂ ಬಂದು, ಎದ್ದು ಹೋಗಿದ್ದರು.

ಅದಿರಲಿ. ಚಪ್ಪಟೆ ಟಿವಿಗೆ ಟ್ಯೂಬಿಲ್ಲ, ಯೋಕಿಲ್ಲ, ಕುಗ್ಗುವ ಅಂಚಿಲ್ಲ. ಅದರ ತೆರೆ ಎಂದರೆ ಎಣಿಸಿಟ್ಟ ಚುಕ್ಕಿಗಳು. ಮೋಟಾರು ಎಷ್ಟೇ ಓಡಲಿ, ಒಂದು ಚುಕ್ಕಿ ಇದ್ದಲ್ಲಿಂದ ಕದಲುವುದಿಲ್ಲ. ಹಾಗಿದ್ದೂ ಅಂಚು ಕತ್ತರಿಸುವ ಚಾಳಿ ಮಾತ್ರ ಹೋಗಲಿಲ್ಲ. ಹಳೆಯ ಟೇಪುಗಳಿಂದ ಬರುವ ಚಿತ್ರದ ಅಂಚಿನಲ್ಲಿ ಕೊಳೆ ಇರುತ್ತದೆ, ಮೇಲಿನ ಗೀಟುಗಳಲ್ಲಿ ಬಿಳಿ ಚುಕ್ಕಿ ಮಿಣುಕುತ್ತದೆ, ಅವನ್ನು ಮುಚ್ಚಲು ಬೇಕು ಎಂಬುದೊಂದು ನೆವ. 1080 ಗೀಟಿನ ಚೊಕ್ಕ ಚಿತ್ರ ಬಂದರೂ ಮೇಲೆ ಕೆಳಗೆ ನೂರಕ್ಕೆ ಎರಡೂವರೆಯಂತೆ ಕತ್ತರಿಸಿದರೆ 27 ಮತ್ತು 27 ಗೀಟು ಹೋಗಿ, ಉಳಿದ 1026ನ್ನೇ ಎಳೆದು ತೆರೆ ತುಂಬಿಸಬೇಕಾಗುತ್ತದೆ. ಅಂಚೂ ಹೋಯಿತು, ಎಳೆದದ್ದರಿಂದ ಉಳಿದದ್ದರ ಮೊನಚೂ ಹೋಯಿತು.

ದೊಡ್ಡ ಚಾನೆಲ್‌ಗಳು ಬುದ್ಧಿವಂತರು, ತಮ್ಮ ಸುದ್ದಿಪಟ್ಟಿಯನ್ನು ಇವತ್ತಿಗೂ ಒಂದಿಷ್ಟು ಮೇಲೆಯೇ ಓಡಿಸುತ್ತಾರೆ. ಊರ ಕೇಬಲ್‌ನವನಿಗೆ ಸ್ಟುಡಿಯೊಗಳ ಆ ಚೌಕ ಹೇಳಿಕೊಟ್ಟವರು ಯಾರು? ಸಿನಿಮಾಕ್ಕೆ ಅಡ್ಡ ಬರಬಾರದೆಂಬ ಸೌಜನ್ಯದಿಂದ ಅವನು ಪಟ್ಟಿಯನ್ನು ತೆರೆಯ ತೀರಾ ತಳಕ್ಕೆ ಕೂರಿಸಿದ್ದ. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಾಗಿದ್ದರೆ ನಡೆಯುತ್ತಿತ್ತೇನೋ. ಅವು ನೆಲದ ಮೇಲೆ ನಿಲ್ಲುವ ಅಕ್ಷರಗಳು, ಕೆಳಗೆ ಬೇರು ಬಿಡುವುದಿಲ್ಲ. ಕನ್ನಡಕ್ಕೆ ನೆಲಮಾಳಿಗೆ ಬೇಕು. ತೆಲುಗಿಗೂ ಬೇಕು, ಸಿಂಧನೂರಿನ ಕ್ಯಾಂಪುಗಳ ತೆಲುಗು ರೈತರ ಮನೆಯಲ್ಲಿ ಹಳೇ ಟಿವಿಯಿದ್ದರೆ ಅವರ ಅಪ್ಪ ಅಮ್ಮಂದಿರೂ ಒತ್ತು ಕಳೆದುಕೊಂಡಿರುತ್ತಾರೆ.

ಮದ್ದು ಟಿವಿಯ ಮೆನುವಿನಲ್ಲೇ ಇರುತ್ತದೆ. ಪಿಕ್ಚರ್ ಸೈಜ್, ಆಸ್ಪೆಕ್ಟ್, ಝೂಮ್ ಎಂಬ ಏನಾದರೊಂದು ಹೆಸರಿನ ಕೋಣೆ. ಅದರೊಳಗಿನ ಆಯ್ಕೆಗೆ ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಎನ್ನುತ್ತಾರೆ, ಸ್ಯಾಮ್‌ಸಂಗ್‌ನವರು ಸ್ಕ್ರೀನ್ ಫಿಟ್, ಸೋನಿಯವರು ಫುಲ್ ಪಿಕ್ಸೆಲ್, ಶಾರ್ಪ್‌ನವರು ಡಾಟ್ ಬೈ ಡಾಟ್. ‘ಕತ್ತರಿಸಬೇಡ’ ಎಂದು ಸೀದಾ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಕಂಡಿಗೆ ‘ಪಿಸಿ’ ಎಂದು ನಾಮಕರಣ ಮಾಡಿದರೆ ಸಾಕು, ಕಂಪ್ಯೂಟರ್ ಬಂದಿದೆ ಎಂದು ತಿಳಿದು ಅಂಚು ಮುಟ್ಟದೆ ಸುಮ್ಮನಾಗುತ್ತದೆ.

ಅಕ್ಕನ ಮನೆಯಲ್ಲಿ ಮೊದಲ ತೊಡಕು ರಿಮೋಟ್. ಕಂಪನಿಯ ರಿಮೋಟ್ ಎಂದೋ ಒಡೆದು, ಸಂತೆಯಲ್ಲಿ ತಂದ ಎಲ್ಲಕ್ಕೂ ಆಗುವ ರಿಮೋಟ್ ಬಂದಿತ್ತು. ಎಲ್ಲಕ್ಕೂ ಆಗುತ್ತಿತ್ತು, ಇದೊಂದಕ್ಕಲ್ಲ. ಟಿವಿಯ ಪಕ್ಕೆಯ ಗುಂಡಿಗಳನ್ನು ಸೊಸೆ, ಅಂದರೆ ಅಕ್ಕನ ಮಗಳು, ಒತ್ತೊತ್ತಿ ಮೆನುವಿನ ಒಳಗೆ ಹೊಕ್ಕಳು. ನಮಗೆ ಬೇಕಾದ ಸಾಲು ಇತ್ತು, ಆದರೆ ಮಂಕಾಗಿತ್ತು. ಒತ್ತಿದರೆ ತಿರುಗಿ ನೋಡುತ್ತಿರಲಿಲ್ಲ. ಕೇಬಲ್ ಡಬ್ಬಿಯಿಂದ ಟಿವಿಗೆ ಬಂದದ್ದು ಹಳದಿ, ಕೆಂಪು, ಬಿಳಿ ಮೂರು ಬಣ್ಣದ ವೈರು. ಆ ವೈರಿನಲ್ಲಿ ಬರುವುದು ಹಳೇ ಜಾತಿಯ ಚಿತ್ರವೆಂದು ಅನೇಕ ಟಿವಿಗಳು ಈ ಸೌಲಭ್ಯವನ್ನು ಅದಕ್ಕೆ ಕೊಡುವುದೇ ಇಲ್ಲ. ಡಬ್ಬಿಯ ಬೆನ್ನಿಗೆ ಎಚ್‌ಡಿಎಂಐ ಕಂಡಿಯೂ ಇತ್ತು, ಕೂಡಿಸಿದ ದಿನದಿಂದ ಯಾರೂ ಮುಟ್ಟದೆ ಧೂಳು ತಿನ್ನುತ್ತಿತ್ತು. ವೈರು ತರಲು ಸಿಂಧನೂರಿಗೆ ಹೊರಟ ಅಕ್ಕನ ಗಂಡನ ಕೈಯಲ್ಲಿ ಸೊಸೆ ಒಂದು ಚೀಟಿ ಕೊಟ್ಟಳು. ಅಂಗಡಿಯವನು ಚೀಟಿ ನೋಡಿ, ಟಿವಿ ಗೋಡೆಗೋ ಮೇಜಿಗೋ ಎಂದು ಕೇಳಿ, ಗೋಡೆಗೆ ಎಂದಮೇಲೆ ಒಂದು ಗೇಣು ಹೆಚ್ಚು ಉದ್ದದ್ದೇ ಕೊಟ್ಟನಂತೆ. ಕಸುಬು ಬಲ್ಲವನು.

ವೈರು ಚುಚ್ಚಿ, ಮೆನುವಿಗೆ ಹೋಗಿ, ಈಗ ಬೆಳ್ಳಗಾಗಿದ್ದ ಸಾಲನ್ನು ಸೊಸೆ ಒತ್ತಿದಳು. ಚಿತ್ರ ಒಮ್ಮೆ ಕಣ್ಣು ಮಿಟುಕಿಸಿ, ಎಲ್ಲ ಕಡೆಯಿಂದ ಒಂದು ಬೆರಳಿನಷ್ಟು ಒಳಗೆ ಸರಿದು ನಿಂತಿತು. ಮಸಿಯ ಕೆಳಗೆ ಕ ಇಳಿದು ಮಸ್ಕಿಯಾಯಿತು. ಶರಣಪ್ಪಗಳು, ಬಸಮ್ಮಗಳು ಕಾಲು ಊರಿದರು. ಆ ಟಿವಿಯ ತೆರೆಯಲ್ಲಿ ಇರುವುದು ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ; ಬರುವ ಚಿತ್ರದ ಲೆಕ್ಕ ಅದಕ್ಕೆ ತಾಳೆಯಾಗದ ಕಾರಣ ಅಕ್ಷರ ಕಡೆದಿಟ್ಟ ಹಾಗೆ ಸ್ಪಷ್ಟವೇನೂ ಆಗಲಿಲ್ಲ. ಅಷ್ಟು ಹಳೇ ಟಿವಿಯಿಂದ ಅದಕ್ಕಿಂತ ಹೆಚ್ಚು ಕೇಳಬಾರದು. ಸಿನಿಮಾದ ಅಂಚುಗಳೂ ಹೊರಬಿದ್ದವು: ನಾಯಕಿ ಅಳುತ್ತಿದ್ದ ದೃಶ್ಯವೊಂದರಲ್ಲಿ ಮೇಲಿನಿಂದ ಮೈಕು ಇಣುಕಿ ಅವಳ ಅಳುವನ್ನು ಕೇಳಿಸಿಕೊಂಡು ಹಿಂದೆ ಸರಿಯಿತು. ಮೇಲಂಚಿನಲ್ಲಿ ಬಿಳಿ ಚುಕ್ಕಿಗಳ ಸಾಲೊಂದು ಮಿಣಮಿಣ ಎನ್ನುತ್ತಲೇ ಇತ್ತು. ಅಕ್ಕನಿಗೆ ಅದು ಸೇರಲಿಲ್ಲ. “ಮೊದ್ಲಿನಂಗ ಮಾಡ್ರಿ, ಇದು ಕಣ್ಣಿಗೆ ಚುಚ್ಚತೈತಿ” ಎಂದಳು. ಅವ್ವನ ಒಂದು ನೋಟಕ್ಕೆ ಸುಮ್ಮನಾದಳು.

ಅವ್ವ ಗದ್ದ ಒತ್ತಿ ಒತ್ತಿ ಓದುತ್ತಾ ಹೋದಳು. ಬೀಜ ಗೊಬ್ಬರದ ಅಂಗಡಿ ಮುಗಿಯಿತು, ಹುಟ್ಟುಹಬ್ಬ ಮುಗಿಯಿತು, ತೀರಿಕೊಂಡವರೊಬ್ಬರ ಸುದ್ದಿ ಬಂತು. ಅದರ ಕೊನೆಗೆ ‘ಭಾವಪೂರ್ಣ ಶೃದ್ದಾಂಜಲಿ’. ಸೊಸೆ ಹೈಸ್ಕೂಲಿನವಳು. “ಅಮ್ಮಾ, ಅದು ತಪ್ಪು. ಶ-ಕ್ಕ ರ ಒತ್ತು ಬರಬೇಕು, ಇವ್ರು ಋ ಹಚ್ಯಾರ. ದ-ಕ್ಕ ಧ ಒತ್ತು ಬರಬೇಕು, ಬರೇ ದ ಹಚ್ಯಾರ” ಎಂದು ಅಜ್ಜಿಗೆ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಅವ್ವ ಪಟ್ಟಿ ಮತ್ತೊಂದು ಸುತ್ತು ಬರುವ ತನಕ ಕಾದಳು. ಅದೇ ಶೃದ್ದಾಂಜಲಿ ಮತ್ತೆ ಬಂತು. ಕನ್ನಡಕ ತೆಗೆದಳು.

“ಮೊದಲ ಒಂದು ಫೋನ್ ಹಚ್ಚು ಆ ಕೇಬಲ್ ಹುಡುಗಗ,” ಎಂದಳು ನನಗೆ. “ನಾ ಮಾತಾಡ್ತೀನಿ.”